ಮ್ಯಾಂಡರಿನ್‌ಗೆ ಕನ್ನಡದಲ್ಲಿ ಏನು? (ಬೋರ್ಡಿಗೆ, ಅರ್ಜೆಂಟ್)

ಸುಂಟಿಕೊಪ್ಪದಿಂದ:
ರಸ್ತೆ ಬದಿ ಹಣ್ಣಿನ ಅಂಗಡಿ ಹಾಕುತ್ತಿದ್ದೇವೆ. ಬೋರ್ಡ್ ಬರೆಯುವವರು ಸಂಜೆ ಬರುತ್ತಾರೆ. ಇಂಗ್ಲಿಷಿನ ಸಾಲು ‘ಕೂರ್ಗ್ ಮ್ಯಾಂಡರಿನ್’. ಕನ್ನಡದಲ್ಲಿ ಬರೀ ಕಿತ್ತಳೆ ಅಂದರೆ ನಾಗಪುರದ್ದು ಅಂದುಕೊಳ್ಳುತ್ತಾರೆ. ಬೇರೆ ಪದ ಇದೆಯಾ?

ಮಡಿಕೇರಿಯಿಂದ:
ಇಲ್ಲ, ಬೇಕಾಗಿಯೂ ಇಲ್ಲ. ನಾಗಪುರದ್ದೂ ಮ್ಯಾಂಡರಿನ್ನೇ. ‘ಕೊಡಗಿನ ಕಿತ್ತಳೆ’ ಅಂತ ಬರೆಸಿ, ಮುಗೀತು.

ಅಂದಹಾಗೆ ಮ್ಯಾಂಡರಿನ್ ಅಂದರೆ ನಮ್ಮ ‘ಮಂತ್ರಿ’ಯೇ. ಮಲಯ ಭಾಷೆಗೆ ಹೋಗಿ ‘ಮೆಂತೆರಿ’ ಆಯಿತು. ಪೋರ್ಚುಗೀಸರು ಅದನ್ನು ಇನ್ನಷ್ಟು ತಿರುಚಿ ಚೀನಾದ ಅಧಿಕಾರಿಗಳಿಗೆ ಅಂಟಿಸಿದರು. ಆಮೇಲೆ ಆ ಅಧಿಕಾರಿಗಳ ಭಾಷೆಗೂ ಅದೇ ಹೆಸರು, ಹಣ್ಣಿಗೂ ಅದೇ. ಅವರ ನಿಲುವಂಗಿಯ ಬಣ್ಣದಿಂದ ಹಣ್ಣಿಗೆ ಬಂತು ಅನ್ನುವವರಿದ್ದಾರೆ. ಅಂತೂ ನೀವು ಕೇಳುತ್ತಿರುವುದು ಮಂತ್ರಿಹಣ್ಣಿಗೆ ಕನ್ನಡ!

ವಿರಾಜಪೇಟೆಯಿಂದ:
ಮಂತ್ರಿ ಸಂಸ್ಕೃತ. ‘ನಮ್ಮ’ ಹೇಗಾಯಿತು? ಬೇಕಾದರೆ ಆರೆಂಜನ್ನು ನಮ್ಮದು ಅನ್ನಿ. ಅದರ ಹಿಂದಿರುವ ‘ನಾರಂಗ’ಕ್ಕೆ ದ್ರಾವಿಡ ಬೇರು ಇದೆ ಅಂತ ಎಷ್ಟೋ ಪಂಡಿತರು ಹೇಳುತ್ತಾರೆ. ಪರ್ಷಿಯನ್, ಅರಬ್ಬಿ ದಾಟಿ ಯುರೋಪಿಗೆ ಹೋಯಿತು. ಇಂಗ್ಲಿಷರು ‘ಎ ನಾರೆಂಜ್’ ಅನ್ನುವುದನ್ನು ತಪ್ಪಾಗಿ ಒಡೆದು ‘ಆ್ಯನ್ ಆರೆಂಜ್’ ಮಾಡಿಕೊಂಡರು. ಇಂಥವರಿಂದ ನಾವು ಪದ ಸಾಲ ತರಬೇಕಾ? ಮ್ಯಾಂಡರಿನ್, ಮೂಸಂಬಿ, ಎಲ್ಲಾ ಹೊರಗೆ ಹೋಗಲಿ.

ಮಡಿಕೇರಿಯಿಂದ:
> ತಪ್ಪಾಗಿ ಒಡೆದು

ಸುಮ್ನೆ ಕಥೆ. ಹಾಗೆ ಒಡೆದದ್ದು ಏಪ್ರನ್, ಅದು ಮೊದಲು ‘ನೇಪ್ರನ್’ ಇತ್ತು. ಆರೆಂಜಿನ ನಕಾರ ಇಟಲಿ, ಫ್ರಾನ್ಸ್ ಕಡೆಯೇ ಉದುರಿ ಹೋಗಿತ್ತು. ಸ್ಪೇನಿನವರ ‘ನರಾಂಹಾ’ದಲ್ಲಿ ಈಗಲೂ ಇದೆ. ಬೇರು ದ್ರಾವಿಡ ಅಂತ ಬೋರ್ಡಲ್ಲಿ ‘ನಾರಂಗ’ ಬರೆಸ್ತೀರಾ? ಒಂದು ಗಾಡಿಯೂ ನಿಲ್ಲಲ್ಲ. ಮೂಸಂಬಿಯ ಹೆಸರು ಮೊಜಾಂಬಿಕ್ ದೇಶದ್ದು, ನಿಜ. ಅದನ್ನು ಓಡಿಸಿದ ಮೇಲೆ ಜ್ಯೂಸ್ ಅಂಗಡಿಯಲ್ಲಿ ಏನಂತ ಕೇಳೋಣ?

ಸಿಟ್ಟು ಜಾಸ್ತಿ ಇದ್ದರೆ ‘ಕೂರ್ಗ್’ ಮೇಲೆ ತೀರಿಸಿಕೊಳ್ಳಿ. ಕೊಡಗು ಅನ್ನಲು ಬಾರದ ಇಂಗ್ಲಿಷರು ಬಿಟ್ಟು ಹೋದದ್ದು. ಅದನ್ನು ರೆಸಾರ್ಟಿನಿಂದ ಹಿಡಿದು ಜೇನಿನ ಬಾಟಲಿವರೆಗೆ ಅಂಟಿಸಿಕೊಂಡವರು ನಾವೇ ಅಲ್ವಾ?

ವಿರಾಜಪೇಟೆಯಿಂದ:
ಏಪ್ರನ್ ಕೇಳಿದವರು ಯಾರು?

ಸುಂಟಿಕೊಪ್ಪದಿಂದ:
‘ಕೂರ್ಗ್ ಆರೆಂಜ್’ ಅಂತಲೇ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿರುವುದು. ಇಂಗ್ಲಿಷಿನಲ್ಲಿ ಅದನ್ನೇ ಬರೆಸುತ್ತೇನೆ, ಮ್ಯಾಂಡರಿನ್ ಬಿಟ್ಟೆ. ಕೆಳಗೆ ‘ಕೊಡಗಿನ ಕಿತ್ತಳೆ’. ಆದರೆ ಬೋರ್ಡಿನವರು ‘ಕಿತ್ತಲೆ’ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಕೂತಿದ್ದಾರೆ. ‘ಳೆ’ ತಾನೇ? ಯಾರಾದರೂ ಬೇಗ ಹೇಳಿ.