ಜಠರದ ಜಿಸ್ಟ್ ಗಡ್ಡೆ ತೆಗೆಸಿದ ಮೇಲೆ ರಿಸ್ಕ್ ಎಷ್ಟು? ಅನುಭವ ಇದ್ದವರು ಹೇಳಿ

ನೀಲಿಛತ್ರಿ: ಅಮ್ಮನ ಜಠರದಲ್ಲಿದ್ದ ಜಿಸ್ಟ್ ಗಡ್ಡೆ (ಜಠರ, ಕರುಳಿನ ಗೋಡೆಯಲ್ಲಿ ಹುಟ್ಟುವ ಒಂದು ಬಗೆಯ ಗಡ್ಡೆ) ತೆಗೆಸಿದ್ದೇವೆ. 6 ಸೆಂ.ಮೀ., ಮೈಟೋಸಿಸ್ (ವಿಭಜನೆಯಾಗುತ್ತಿರುವ ಕೋಶಗಳ ಎಣಿಕೆ) 4. ಗಡ್ಡೆ ಒಡೆದಿಲ್ಲ, ಅಂಚು ಕ್ಲಿಯರ್ (ಕತ್ತರಿಸಿದ ಕಡೆ ಗಡ್ಡೆ ಉಳಿದಿಲ್ಲ). ರಿಪೋರ್ಟಿನಲ್ಲಿ ‘ಲೋ ರಿಸ್ಕ್’ ಎಂದಿದೆ, ಎರಡನೇ ಡಾಕ್ಟರು ‘ಇಂಟರ್‌ಮೀಡಿಯೆಟ್’ ಅಂತಾರೆ. ಗಡ್ಡೆ ಮರುಕಳಿಸದಂತೆ ಕೊಡುವ ಇಮ್ಯಾಟಿನಿಬ್ ಮಾತ್ರೆ ಬೇಕಾ, ಬೇಡವಾ?

ಗಟ್ಟಿಕಾಳು: ನಾನು ಮಾತ್ರೆ ಮುಟ್ಟಲೇ ಇಲ್ಲ. ನನ್ನದು 3 ಸೆಂ.ಮೀ., ಮೈಟೋಸಿಸ್ 1. ಆಪರೇಶನ್‌ಗೆ ಮುಂಚೆ ಇಯುಎಸ್ (ಗಂಟಲಿನಿಂದ ಇಳಿಸುವ ಟ್ಯೂಬಿನ ತುದಿಯ ಅಲ್ಟ್ರಾಸೌಂಡ್) ಮಾಡಿ ಸೂಜಿ ಹಾಕಿದರು. ಮೊದಲು ಬಂದಿದ್ದು ಬರೀ ರಕ್ತ. ಮತ್ತೆ ಚುಚ್ಚಿದ ಮೇಲೆ ‘ಸ್ಪಿಂಡಲ್ ಸೆಲ್, ಸಿಡಿ117 ಪಾಸಿಟಿವ್’ ಅಂತ ಬಂತು, ಅಂದರೆ ಜಿಸ್ಟ್. ಸರಿ, ಕ್ಯಾನ್ಸರಾ ಅಲ್ವಾ ಅಂದರೆ ಒಬ್ಬರೂ ನೇರವಾಗಿ ಬಾಯಿ ಬಿಡಲಿಲ್ಲ. ಅಷ್ಟು ಸಣ್ಣ ಚೂರಿನಲ್ಲಿ ಮೈಟೋಸಿಸ್ ನಂಬುವ ಹಾಗೆ ಎಣಿಸೋಕೆ ಆಗಲ್ಲವಂತೆ, ಗಡ್ಡೆ ಪೂರ್ತಿ ಬರಬೇಕಂತೆ. ಎರಡೆರಡು ಸಲ ಗಂಟಲಿಗೆ ಟ್ಯೂಬ್ ಇಳಿಸಿದ ಮೇಲೆ ಈ ಮಾತು! ವೆಡ್ಜ್ ಮಾಡಿ, ಅಂದರೆ ಗಡ್ಡೆ ಇದ್ದ ಭಾಗ ಮಾತ್ರ ಕತ್ತರಿಸಿ ತೆಗೆದರು. ಈಗ ಸಿಟಿ ಸ್ಕ್ಯಾನ್ ಮಾತ್ರ. ನಮ್ಮ ಭಾವ ಇವತ್ತಿಗೂ ‘ಮಾತ್ರೆ ತಗೋ, ಸೇಫು’ ಅಂತ ತಲೆ ತಿನ್ನುತ್ತಾನೆ. ಹೆದರಿಕೆಗೆಲ್ಲ ಮಾತ್ರೆ ನುಂಗೋಕಾಗುತ್ತಾ?

ಕಡಲಹಕ್ಕಿ: 3 ಸೆಂ.ಮೀ. ಇಟ್ಟುಕೊಂಡು ಊರಿಗೆಲ್ಲ ಬುದ್ಧಿ ಹೇಳಬೇಡಿ. ನಮ್ಮ ಯಜಮಾನರದು 9 ಸೆಂ.ಮೀ., ಮೈಟೋಸಿಸ್ ಬರೀ 3. ಆದರೆ ತೆಗೆಯುವಾಗ ಹೊಟ್ಟೆಯೊಳಗೇ ಒಡೆಯಿತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆ ಸುದ್ದಿಯೇ ಇಲ್ಲ! ಪಟ್ಟು ಹಿಡಿದು ಆಪರೇಶನ್ ನೋಟ್ಸ್ ತರಿಸಿಕೊಂಡಾಗ ಗೊತ್ತಾಯಿತು. ಒಡೆದರೆ ಮಿಕ್ಕ ಲೆಕ್ಕ ಏನೇ ಇರಲಿ, ಹೈ ರಿಸ್ಕ್ ಅಂದರು. ದಿನಾ 400 ಮಿ.ಗ್ರಾಂ., 3 ವರ್ಷ. ಬೆಳಗ್ಗೆ ಎದ್ದರೆ ರೆಪ್ಪೆ ಊದಿ ಕಣ್ಣೇ ಕಾಣುತ್ತಿರಲಿಲ್ಲ. ರಾತ್ರಿ ಮೀನಖಂಡ ಹಿಡಿದುಕೊಂಡು ಕೂಗುತ್ತಿದ್ದರು. ಊಟ ಮಾಡದೆ ನುಂಗಿದರೆ ವಾಂತಿ. ಹಿಮೋಗ್ಲೋಬಿನ್ ಇಳಿಯಿತು, ನಿಲ್ಲಿಸಿದರು, ಮತ್ತೆ ಶುರು ಮಾಡಿದರು. ಕೋರ್ಸ್ ಮುಗಿದ ಮಾರನೇ ವರ್ಷವೇ ಲಿವರ್‌ನಲ್ಲಿ ಕಾಣಿಸಿತು. ಈಗ ಮತ್ತೆ ಅದೇ ಮಾತ್ರೆ, ಈ ಸಲ ನಿಲ್ಲಿಸುವ ಮಾತೇ ಇಲ್ಲ.

ಹಳೇಪೆನ್ನು: ಎಷ್ಟು ನೋಡ್ (ದುಗ್ಧಗ್ರಂಥಿ) ತೆಗೆದರು ಅಂತ ಒಬ್ಬರೂ ಬರೆದಿಲ್ಲವಲ್ಲ? ಕಡಿಮೆ ಅಂದರೂ 16 ನೋಡ್ ಪರೀಕ್ಷೆ ಆಗಬೇಕು. ನನಗೆ ಪೂರ್ತಿ ಜಠರವನ್ನೇ ತೆಗೆದರು. ಬಿ12 ಇಂಜೆಕ್ಷನ್ ಇನ್ನು ಜೀವನಪೂರ್ತಿ. ಸಿಹಿ ತಿಂದರೆ ಬೆವರು, ಎದೆ ಡವಡವ, ಮಲಗಲೇಬೇಕು.

ಮುಂಗಾರು: ಸರ್, ನಿಮ್ಮದು ಅಡಿನೋಕಾರ್ಸಿನೋಮ, ಜಠರದ ಒಳಪದರದ ಬೇರೆಯೇ ಕ್ಯಾನ್ಸರ್. ಜಿಸ್ಟ್ ನೋಡ್‌ಗೆ ಹೋಗೋದು ಅಪರೂಪ, ಹೋದರೆ ಲಿವರ್‌ಗೆ, ಇಲ್ಲ ಹೊಟ್ಟೆಯ ಒಳಪೊರೆಗೆ. ಸುಮ್ನೆ ಗಾಬರಿ ಹುಟ್ಟಿಸಬೇಡಿ.
ನನ್ನ ಕತೆ ಕೇಳಿ. 7 ಸೆಂ.ಮೀ., ಮೊದಲ ಲ್ಯಾಬ್ ಮೈಟೋಸಿಸ್ 9 ಅಂತ ಬರೆಯಿತು. ನೇರ ಹೈ ರಿಸ್ಕ್! ನಾನು ಸ್ಲೈಡು, ಬ್ಲಾಕು (ಮೇಣದಲ್ಲಿಟ್ಟ ಗಡ್ಡೆಯ ತುಂಡು) ಎರಡನ್ನೂ ಬೇರೆ ಪೆಥಾಲಜಿಸ್ಟ್ ಹತ್ತಿರ ಕೊಟ್ಟೆ. 4 ಅಂತ ಬಂತು. ಮೊದಲಿನವರು ಹೊಸ ಮೈಕ್ರೋಸ್ಕೋಪಿನಲ್ಲಿ 50 ಫೀಲ್ಡ್ (ಒಂದು ಸಲಕ್ಕೆ ಕಾಣುವಷ್ಟು ಜಾಗ) ಎಣಿಸಿದ್ದರು. ಲೆಕ್ಕ ಹಾಕಬೇಕಿದ್ದು 5 ಚದರ ಮಿ.ಮೀ.ಗೆ. ಹಳೇ ಯಂತ್ರದಲ್ಲಿ ಅದಕ್ಕೆ 50 ಫೀಲ್ಡ್ ಬೇಕಿತ್ತು, ಈಗಿನದರಲ್ಲಿ ಇಪ್ಪತ್ತು ಚಿಲ್ಲರೆ ಸಾಕು. ಅಂದರೆ ಅವರು ದುಪ್ಪಟ್ಟು ಜಾಗ ಎಣಿಸಿದ್ದರು. ಬ್ಲಾಕ್ ಕೊಡೋಕೆ ಆ ಲ್ಯಾಬಿನವರು ಸತಾಯಿಸಿದ್ದು ಬೇರೆ ಪುರಾಣ. ನಾನು ಬಿಡಲಿಲ್ಲ, ಮಾತ್ರೆ ತಪ್ಪಿತು.

ಕಡಲಹಕ್ಕಿ: ಬೇಕಾದ ನಂಬರ್ ಬರೋವರೆಗೂ ಎಣಿಸಿಕೊಂಡಿರಿ ಅನ್ನಿ. ಗಡ್ಡೆಯ ಎಲ್ಲಾ ಕಡೆ ಒಂದೇ ಥರ ಇರಲ್ಲ. ಜಾಸ್ತಿ ಕಾಣೋ ಜಾಗದಲ್ಲೇ ಎಣಿಸಬೇಕು. ನಿಮ್ಮ ಎರಡನೆಯವರು ಎಲ್ಲಿ ಎಣಿಸಿದರು, ಕೇಳಿದ್ರಾ?

ಮುಂಗಾರು: ಕೇಳಿದೆ, ರಿಪೋರ್ಟಿನಲ್ಲೇ ಇದೆ. ನೀವು ಮಾತ್ರೆಗೆ ಮುಂಚೆ ಮ್ಯುಟೇಶನ್ ಟೆಸ್ಟ್ (ಗಡ್ಡೆಯ ಜೀನ್ ಬದಲಾವಣೆಯ ಪರೀಕ್ಷೆ) ಮಾಡಿಸಿದ್ರಾ? ಪಿಡಿಜಿಎಫ್‌ಆರ್‌ಎ ಡಿ842ವಿ ಅನ್ನೋ ಬದಲಾವಣೆ ಇದ್ದರೆ ಇಮ್ಯಾಟಿನಿಬ್ ಕೆಲಸವೇ ಮಾಡಲ್ಲ.

ಕಡಲಹಕ್ಕಿ: ಮಾಡಿಸಿದ್ದೇವೆ. ಕಿಟ್ ಎಕ್ಸಾನ್ 11 ಅಂತ ಬಂತು, ಅದಕ್ಕೆ ಇಮ್ಯಾಟಿನಿಬ್ ಕೆಲಸ ಮಾಡುತ್ತೆ. ನಮಗೆ ಪಾಠ ಬೇಡ.

ನೀಲಿಛತ್ರಿ: ದಯವಿಟ್ಟು ಜಗಳ ಬೇಡ. ಇಬ್ಬರು ಡಾಕ್ಟರು ಎರಡು ಥರ ಹೇಳೋದು ಯಾಕೆ?

ಮುಂಗಾರು: ರಿಸ್ಕ್ ಅಳೆಯೋಕೆ ಅಮೆರಿಕದ ಎರಡು ಸಂಸ್ಥೆಗಳ ಹೆಸರಿನ ಪಟ್ಟಿ ಬೇರೆ ಬೇರೆ, ಅಷ್ಟೇ. ಎಎಫ್‌ಐಪಿ ಪಟ್ಟಿಯಲ್ಲಿ ಜಠರದ 5ರಿಂದ 10 ಸೆಂ.ಮೀ., ಮೈಟೋಸಿಸ್ 5ರೊಳಗೆ ಅಂದರೆ ಲೋ, ಮರುಕಳಿಸಿದ್ದು 3.6%. ಅದೇ ಗಡ್ಡೆ ಸಣ್ಣ ಕರುಳಲ್ಲಿದ್ದರೆ 24%. 2008ರ ಪರಿಷ್ಕೃತ ಎನ್‌ಐಎಚ್ ಪಟ್ಟಿಯಲ್ಲಿ ನಿಮ್ಮಮ್ಮನದು ಇಂಟರ್‌ಮೀಡಿಯೆಟ್. 1 ವರ್ಷಕ್ಕಿಂತ 3 ವರ್ಷದ ಮಾತ್ರೆ ಒಳ್ಳೆಯದು ಅಂತ 2012ರಲ್ಲಿ ಪ್ರಕಟವಾಯಿತಲ್ಲ, ಅದು ಹೈ ರಿಸ್ಕ್‌ನವರ ಮೇಲೆ ಮಾಡಿದ್ದು.

ಗಟ್ಟಿಕಾಳು: ನಾನು ಹೇಳಿದ್ದೂ ಅದೇ ತಾನೇ! ಮಾತ್ರೆ ಬೇಡ.

ಕಡಲಹಕ್ಕಿ: ನೀವು ಹೇಳಿದ್ದು ನಿಮ್ಮ ಭಾವನ ಕತೆ. ನೀಲಿಛತ್ರಿ, ‘ಒಡೆದಿಲ್ಲ’ ಅಂತ ನಿಮಗೆ ಬಾಯಲ್ಲಿ ಹೇಳಿದ್ದಾ, ಬರವಣಿಗೆಯಲ್ಲಿ ಇದೆಯಾ? ಆಪರೇಶನ್ ನೋಟ್ಸ್ ತರಿಸಿ.

ಹಳೇಪೆನ್ನು: ನೋಡ್ ಬಗ್ಗೆ ಒಂದು ಮಾತು ಕೇಳಿದ್ದಕ್ಕೆ ಮೇಲೆ ಬೀಳುತ್ತೀರಿ. ಜಠರದ ಗಡ್ಡೆ ಅಂತ ತಾನೇ ಬರೆದಿರೋದು? ನನ್ನ ಜಠರ ಜಠರ ಅಲ್ವಾ?