ಸಂಗೀತವಿಲ್ಲದ ಕಿರುಚಿತ್ರಕ್ಕೆ ಶಬ್ದವಿನ್ಯಾಸ: ಮಾಡಿದವರು ಅನುಭವ ತಿಳಿಸುವಿರಾ?

ಅಂತಿಮ ವರ್ಷದ ವಿದ್ಯಾರ್ಥಿನಿ: ಕಿವಿ ಮಂದವಾಗುತ್ತಿರುವ ಹಿಟ್ಟಿನ ಗಿರಣಿಯವರೊಬ್ಬರ ಕುರಿತು 12 ನಿಮಿಷದ ಕಿರುಚಿತ್ರ ಮಾಡುತ್ತಿದ್ದೇನೆ. ಗಿರಣಿಯ ಅದುರುವಿಕೆಯನ್ನು ಕಾಂಟ್ಯಾಕ್ಟ್ ಮೈಕ್‌ನಲ್ಲಿ (ವಸ್ತುವಿಗೇ ಅಂಟಿಸಿ ಅದರ ಕಂಪನ ಹಿಡಿಯುವ ಮೈಕ್) ಹಿಡಿದು, ಅವರಿಗೆ ಕೇಳಿಸುವ ಲೋಕವನ್ನು ಅದರಿಂದಲೇ ಕಟ್ಟಬೇಕೆಂಬ ಆಸೆಯಿದೆ. ಶಬ್ದಕ್ಕೆಂದು ಉಳಿದಿರುವುದು 8,000 ರೂಪಾಯಿ. ಕೈಹಾಕಬಹುದೇ?

ಬಾವಿಯ ರಾಟೆ: ಖಂಡಿತ ಹಾಕಿ. ನನ್ನ ಚಿತ್ರದ ರಾಟೆಯ ಕಿರುಗುಟ್ಟುವಿಕೆಗಾಗಿ ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 25 ರೂಪಾಯಿಗೊಂದರಂತೆ ಕಂಪನವನ್ನು ವಿದ್ಯುತ್ತಾಗಿಸುವ, ಕಾಂಟ್ಯಾಕ್ಟ್ ಮೈಕ್ ಆಗಬಲ್ಲ ನಾಲ್ಕು ಪೀಜೋ ಬಿಲ್ಲೆಗಳನ್ನು ತಂದೆ. ಎರಡು ಬೆಸುಗೆಯ ಕಾವಿಗೇ ಹಾಳಾದವು. ಉಳಿದವನ್ನು ನೇರವಾಗಿ ರೆಕಾರ್ಡರ್‌ಗೆ ಜೋಡಿಸಿದಾಗ ತಗಡಿನ ಡಬ್ಬಿ ಬಡಿದಂತೆ ಕೇಳಿಸಿತು, ಏಕೆಂದರೆ ಹತ್ತು ಲಕ್ಷ ಓಮ್‌ನಷ್ಟಾದರೂ ಇನ್‌ಪುಟ್ ಇಂಪಿಡೆನ್ಸ್ (ಜೋಡಿಸಿದ ಯಂತ್ರ ಒಡ್ಡುವ ವಿದ್ಯುತ್ ತಡೆ) ಸಿಗದಿದ್ದರೆ ಪೀಜೋದ ಮಂದ್ರವೆಲ್ಲ ಸೋರಿಹೋಗುತ್ತದೆ. ಆ ತಡೆ ಒದಗಿಸಿ ಸದ್ದು ಹಿಗ್ಗಿಸುವ ಪ್ರಿಆಂಪ್‌ಗೆ 2,800, ಕೇಬಲ್‌ಗೆ 450, ಮತ್ತೊಮ್ಮೆ ಊರಿಗೆ ಹೋಗಿಬರಲು 760 ರೂಪಾಯಿ ಖರ್ಚಾಯಿತು. ಇಷ್ಟಾದ ಮೇಲೂ ಪ್ರದರ್ಶನದ ದಿನ ಸಭಾಂಗಣದ ಪುಟ್ಟ ಸ್ಪೀಕರ್‌ಗಳಿಂದ ಆ ಮಂದ್ರ ಹೊಮ್ಮಲೇ ಇಲ್ಲ. ಧ್ವನಿ ಕೈಕೊಟ್ಟಿತೆಂದು ಯಾರೋ ಎದ್ದುಹೋಗಿ ವೈರ್ ಅಲುಗಾಡಿಸಿದರು. ಆದರೂ ರಾಟೆಯ ಸದ್ದಿನ ಆ ಎರಡು ನಿಮಿಷಗಳ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ಮಾತೇ ಮೊದಲು: ಇಂಥದೇ ಹೆಮ್ಮೆಗೆ ನಾನು 14,500 ರೂಪಾಯಿ ದಂಡ ತೆತ್ತಿದ್ದೇನೆ. ಸೌಟು, ಕುಕ್ಕರು, ಒಗ್ಗರಣೆಗಳ ಮೇಲೆ ಮೂರು ದಿನ ಪ್ರಯೋಗ ನಡೆಸಿದ ನಾವು, ಮಾತುಗಳ ನಡುವೆ ತುಂಬಲು ಬೇಕಾದ ಆ ಅಡುಗೆಮನೆಯ 30 ಸೆಕೆಂಡುಗಳ ಬರಿಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುವುದನ್ನೇ ಮರೆತೆವು; ಕಟ್ ಬಂದಲ್ಲೆಲ್ಲ ಕಿವಿಗೆ ಗುಂಡಿ ಬಿದ್ದಂತಾಗಿ, ಕಡೆಗೆ ಇಡೀ ದೃಶ್ಯವನ್ನು ಡಬ್ ಮಾಡಬೇಕಾಯಿತು. ಗುಂಯ್‌ಗುಡುತ್ತಿದ್ದ ಫ್ರಿಜ್ ಆರಿಸಿದವರು ಮತ್ತೆ ಹಾಕದೆ ಬಂದದ್ದರಿಂದ ಮನೆಯವರ ಹಾಲಿಗೂ ದೋಸೆಹಿಟ್ಟಿಗೂ 1,150 ರೂಪಾಯಿ ಬೇರೆ ಕೊಟ್ಟೆವು. ಫ್ರಿಜ್ ಮತ್ತೆ ಹಾಕಲು ಮರೆಯದಿರಲೆಂದು ಅಂದಿನಿಂದ ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡುತ್ತೇನೆ. ಉಚಿತ ಶಬ್ದಭಂಡಾರಗಳಿಂದಲೇ ಮಲೆನಾಡಿನ ರಾತ್ರಿಯೊಂದನ್ನು ಕಟ್ಟಿದ್ದೇನೆ, ಯಾರೂ ತಪ್ಪು ಹುಡುಕಲಿಲ್ಲ.

ಆಷಾಢ: ನಾನು ಹುಡುಕುತ್ತೇನೆ. ನಿಮ್ಮ ಕಪ್ಪೆ ‘ರಿಬಿಟ್’ ಎನ್ನುತ್ತಿದ್ದರೆ ಅದು ಅಮೆರಿಕದ ಪಶ್ಚಿಮ ಕರಾವಳಿಯ ಮರಗಪ್ಪೆ. ಹಾಲಿವುಡ್‌ನ ಕೈಗೆ ಸುಲಭವಾಗಿ ಸಿಕ್ಕಿದ ತಪ್ಪಿಗೆ ತನ್ನದಲ್ಲದ ಕಾಡುಗಳಲ್ಲೆಲ್ಲ ಕೂಗುತ್ತಿದೆ. ನಾನಾದರೋ ಆಗುಂಬೆಯ ಬಳಿ ಎರಡು ರಾತ್ರಿ ಕೊಡೆ ಹಿಡಿದು, ಉಂಬಳ ಕಚ್ಚಿಸಿಕೊಂಡು ಕುಳಿತವನು. ಆಮೇಲೆ ಒಂದೇ ಮೈಕ್‌ನ ಸದ್ದನ್ನು ಎಡಬಲಕ್ಕೆ ನಕಲಿಸಿ, ಹರವು ಸಿಗಲೆಂದು ಒಂದು ಬದಿಯ ಪೋಲಾರಿಟಿಯನ್ನು (ಅಲೆಯ ಏರು ಇಳಿವಾಗುವಂತೆ, ಇಳಿವು ಏರಾಗುವಂತೆ) ತಿರುವಿಬಿಟ್ಟೆ. ಎಡಬಲಗಳನ್ನು ಒಂದಾಗಿ ಬೆರೆಸುವ ಪರೀಕ್ಷಕರ ಮೋನೋ ಸ್ಪೀಕರ್‌ನಲ್ಲಿ ಎರಡೂ ಒಂದನ್ನೊಂದು ನುಂಗಿ ಮಳೆಯೂ ಇಲ್ಲ, ಕಪ್ಪೆಯೂ ಇಲ್ಲ ಎಂಬಂತಾಯಿತು. ಅಂಕ ಹೋಯಿತು, ಆದರೆ ಕಪ್ಪೆ ನಮ್ಮದೇ ಆಗಿತ್ತು.

ಮಾತೇ ಮೊದಲು: ಕೊಡೆಯ ಬಟ್ಟೆಯ ಮೇಲೆ ಬಿದ್ದ ಹನಿಗಳನ್ನು ಆಗುಂಬೆಯ ಮಳೆ ಎನ್ನುವವರು ಕಪ್ಪೆಯ ಊರು ವಿಚಾರಿಸುವ ಅಗತ್ಯವಿಲ್ಲ.

ಬಾವಿಯ ರಾಟೆ: ಇಲ್ಲಿ ಕೇಳಿರುವುದು ಗಿರಣಿಯ ವಿಷಯ. ಪ್ರಿಆಂಪ್ ಬೇಕಿದ್ದರೆ ನನ್ನದನ್ನು ಎರವಲು ಕೊಡುತ್ತೇನೆ, ವೈರ್ ಮಾತ್ರ ಯಾರೂ ಅಲುಗಾಡಿಸಬಾರದು.

ಆಷಾಢ: ಕೊಡೆ ನನ್ನ ತಲೆಯ ಮೇಲಿತ್ತು, ಮೈಕ್ ಐದು ಮಾರು ದೂರದ ಸೂರಿನಡಿಯಲ್ಲಿತ್ತು. ಮೂಲ ರೆಕಾರ್ಡಿಂಗ್ ಈಗಲೂ ನನ್ನಲ್ಲಿದೆ. ನಿಮ್ಮ ಕಪ್ಪೆಯನ್ನು ಹಾಕಿ, ನನ್ನದನ್ನೂ ಹಾಕುತ್ತೇನೆ.