ಮೃದಂಗ, ಬಸದಿ, ಗೋಡೆ ಚಿತ್ರ... ಪ್ರಕೃತಿಗೂ ಇವಕ್ಕೂ ಏನ್ರೀ ಸಂಬಂಧ?

ಕಾಫಿಪುಡಿ:
ಮಗಳಿಗೆ ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟಿದಾರೆ, ಸಂಗೀತ, ಕಟ್ಟಡ, ಸ್ಟ್ರೀಟ್ ಆರ್ಟ್ ಇವಕ್ಕೂ ಪ್ರಕೃತಿಗೂ ಏನ್ ಸಂಬಂಧ ಅಂತ. ನೆಟ್ಟಲ್ಲಿ ಹುಡುಕಿದ್ರೆ ಬರೀ ಕೋಗಿಲೆ, ಕಮಲ, ಅಲೆ ಅಂತಾನೇ ಬರುತ್ತೆ. ನಮ್ ಕಡೆ ಹೋಗಿ ಮುಟ್ಟಿ ನೋಡೋ ಥರದ್ದು ಏನಾದ್ರೂ ಇದ್ಯಾ? ಸೋಮವಾರ ಕೊಡ್ಬೇಕು!

ತೊಪ್ಪಿ_ತಟ್ಟೋನು:
ಮೃದಂಗದಲ್ಲಿ ಪ್ರಕೃತಿ ಬಿಟ್ರೆ ಇನ್ನೇನಿದೆ ಸಾರ್, ಹಲಸಿನ ಮರ ಕೊರೆದು ಮಾಡಿರೋದು, ಎರಡೂ ಕಡೆ ಚರ್ಮ, ಬಲಗಡೆ ಕರಣೆ ಅಂತ ಕಪ್ಪು ಲೇಪ, ಎಡಗಡೆ ನುಡಿಸೋಕ್ ಮುಂಚೆ ರವೆ ಕಲಸಿ ಮೆತ್ತೋದು. ಮಳೆಗಾಲ ಬಂದ್ರೆ ಚರ್ಮ ತೇವ ಕುಡಿದು ಸಡಿಲಾಗಿ ಶ್ರುತಿ ಇಳಿದುಬಿಡುತ್ತೆ, ಏಸಿ ಹಾಲಿಗೆ ಹೋದ್ರೆ ಒಣಗಿ ಏರುತ್ತೆ, ಕಚೇರಿ ಶುರುವಾಗೋ ಹೊತ್ತಿಗೆ ಕಲ್ಲು ಹಿಡ್ಕೊಂಡು ತಟ್ಟಿ ತಟ್ಟಿ ಅರ್ಧ ಜೀವ ಹೋಗಿರುತ್ತೆ. ಮಗಳಿಗೆ ಹೇಳಿ, ಒಂದ್ಸಲ ಮಳೆ ದಿನ, ಒಂದ್ಸಲ ಬಿಸಿಲಲ್ಲಿ ರೆಕಾರ್ಡ್ ಮಾಡ್ಲಿ, ಅದೇ ಪ್ರಾಜೆಕ್ಟ್.

ಪಡುವಣ_ಮಾಣಿ:
ಕಟ್ಟಡಕ್ಕೆ ನಮ್ಮ ಮೂಡುಬಿದಿರೆ ಸಾವಿರ ಕಂಬದ ಬಸದಿ ಹಾಕಿ ಮಾರಾಯ್ರೆ, 1430ರದ್ದು. ಬೇಲೂರು ದೇವಸ್ಥಾನದ ಮಾಡು (ಛಾವಣಿ) ಮಟ್ಟಸ ಉಂಟಲ್ಲ, ಇಲ್ಲಿ ಕಲ್ಲಿನ ಚಪ್ಪಡಿಯನ್ನೇ ಹಂಚಿನ ಮನೆ ಹಾಗೆ ಇಳಿಜಾರು ಮಾಡಿದ್ದಾರೆ. ವರ್ಷಕ್ಕೆ 3500 ಮಿಲ್ಲಿಮೀಟರಿಗೂ ಜಾಸ್ತಿ ಮಳೆ ಹೊಡೀತದೆ, ನೀರು ನಿಲ್ಲಬಾರದಲ್ಲ. ಮತ್ತೆ ಬೇಲೂರಿನದು ಬಳಪದ ಕಲ್ಲು, ತೆಗೆದ ಹೊಸತರಲ್ಲಿ ಮೆತ್ತಗೆ, ಹಾಗಾಗಿ ಅಷ್ಟು ನಾಜೂಕು ಕೆತ್ತನೆ ಸಾಧ್ಯ ಆಯ್ತು. ನಮ್ಮದು ಗ್ರಾನೈಟ್, ಉಳಿಗೆ ಅಷ್ಟು ಬೇಗ ಬಗ್ಗುವುದಿಲ್ಲ.

ಸಾಗರದೋಳು:
ಗೋಡೆ ಚಿತ್ರ ಅಂದ್ರೆ ನಮ್ ಮಲೆನಾಡಿನ ದೀವರ ಸಮುದಾಯದ ಹಸೆ ಚಿತ್ತಾರ. ಗೋಡೆಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬ್ರಷ್ ಪುಂಡಿ ನಾರಿಂದು. ಅಂಗಡಿಗೆ ಹೋಗೋ ಕೆಲ್ಸಾನೇ ಇಲ್ಲ.

ತೊಪ್ಪಿ_ತಟ್ಟೋನು:
ಅದು ಮನೆ ಗೋಡೆ ಆಯ್ತಲ್ಲ ಮೇಡಂ, ಬೀದಿ ಎಲ್ಲಿ? 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್ ಪಾಳ್ಯದಲ್ಲಿ ರಸ್ತೆ ಗುಂಡಿಗೆ ಕೊಳದ ಥರ ಬಣ್ಣ ಬಳಿದು ಮೊಸಳೆ ಬೊಂಬೆ ಇಟ್ಟಿದ್ರಲ್ಲ, ಅದನ್ನೂ ಸೇರಿಸಿ. ಪ್ರಕೃತಿ ಪಾಪ ಎಲ್ಲೂ ಹೋಗಿಲ್ಲ, ನಮ್ ರಸ್ತೇಲೇ ಇದೆ 😀

ಕಾಫಿಪುಡಿ:
ಮೊಸಳೆ ಕೇಳಿದ್ದೇ ಮಗಳು ಬಾಕಿದೆಲ್ಲಾ ಮರೆತ್ಲು. ಸಾಗರದ ಮೇಡಂ, ಗುರಿಗೆ ಕಾಯಿ ಬೆಂಗಳೂರಲ್ಲಿ ಸಿಗುತ್ತಾ?

ಸಾಗರದೋಳು:
ಡೌಟು. ಅರಿಶಿನ ಹಾಕಿ ಬಿಡಿ, ಆದ್ರೆ ಚಾರ್ಟಲ್ಲಿ ಅರಿಶಿನ ಅಂತಾನೇ ಬರೀರಿ.